ಚೌಡಯ್ಯ ನಿಂತ ಜಾಗ

ಹೊಳೆ ಅಂದ ಮೇಲೆ ಒಂದು ದಡ ಇರಬೇಕು, ದಡ ಅಂದ ಮೇಲೆ ಅಲ್ಲೊಂದು ಗುಡಿಸಲು. ಈ ಗುಡಿಸಲಿನಲ್ಲಿ ಇದ್ದವರು ಕಾಟಯ್ಯ ಅನ್ನುವ ಮುದಿ ಬೇಟೆಗಾರ.

ಅವರು ಗುರು. ಮಂತ್ರ ಹೇಳಿಕೊಡುವ ಗುರುವಲ್ಲ, ಕೋವಿ ಹಿಡಿಯುವುದನ್ನು ಹೇಳಿಕೊಡುವ ಗುರು. ಸುತ್ತಲ ಹಟ್ಟಿಯವರೆಲ್ಲ ಅವರನ್ನು ಅಜ್ಜಯ್ಯ ಅಂತಲೇ ಕರೆಯುತ್ತಿದ್ದರು.

ಸೂರಮ್ಮ ಅವರ ಶಿಷ್ಯೆ. ಬಾಯಿ ಬಲು ಜೋರು. "ಹೆಂಗಸಿಗೆ ಕೋವಿ ಯಾಕಮ್ಮ?" ಅಂತ ಯಾರಾದರೂ ಕೇಳಿದರೆ, "ಹಂದಿ ಜೋಳ ತಿನ್ನೋಕೆ ಬರುವಾಗ ಗಂಡಸರ ಹೊಲ ಯಾವುದು ಅಂತ ವಿಚಾರಿಸಿಕೊಂಡು ಬರುತ್ತಾ?" ಅನ್ನುತ್ತಿದ್ದಳು.

ಜೋಳ ಕಾಳು ಕಟ್ಟುವ ಹೊತ್ತಿಗೆ ಹಂದಿಬೇಟೆ. ಬೇಟೆಗೆ ಮುಂಚೆ ಒಂದು ದಿನ ಬರುತ್ತಿತ್ತು, ಅದಕ್ಕೆ ಕೋವಿ ಮುಟ್ಟುವ ದಿನ ಅನ್ನುತ್ತಿದ್ದರು. ಬೇಟೆಗೆ ಕೋವಿ ಒಯ್ಯುವ ಪ್ರತಿಯೊಬ್ಬನೂ, ಹಲ್ಲು ಉದುರಿದ ಮುದುಕನಾದರೂ ಸರಿ, ಅಜ್ಜಯ್ಯನ ಮುಂದೆ ಕೋವಿ ಕೆಳಗಿಡಬೇಕು. ಏನೂ ಗೊತ್ತಿಲ್ಲದವನ ಹಾಗೆ ಮೊದಲಿಂದ ಕಲಿತು ಎತ್ತಿಕೊಳ್ಳಬೇಕು. ಕಲಿಯದವನಿಗೆ ಬೇಟೆಯಿಲ್ಲ.

ಆ ವರ್ಷ ಆ ದಿನ ಹತ್ತಿರ ಬಂದಾಗ ಅಜ್ಜಯ್ಯ ಅಂದರು, "ಸೂರಮ್ಮ, ಈ ಸಲ ದಿನ ನಿನ್ನದು. ನೀನೇ ಕಲಿಸು."

ಸೂರಮ್ಮ ಅಂಗಳ ಗುಡಿಸುತ್ತಿದ್ದಳು. ಸಂತೋಷಕ್ಕೆ ಪೊರಕೆ ಕೈಯಲ್ಲೇ ಉಳಿಯಿತು.

"ಎಲ್ಲರಿಗೂ ನಾನೇನಾ ಅಜ್ಜಯ್ಯ?"

"ಎಲ್ಲರಿಗೂ."

"ಚೌಡಯ್ಯನಿಗೂ?"

"ಎಲ್ಲರೂ ಅಂದ ಮೇಲೆ ಅವನನ್ನ ಎಲ್ಲಿ ಬಿಡೋದು?"

ಪೊರಕೆ ಕೆಳಗೆ ಬಿತ್ತು.

"ಆಗಲ್ಲ," ಅಂದಳು ಸೂರಮ್ಮ. "ಅವನ ಕೈಗೆ ಕೋವಿ ಕೊಡೋದಕ್ಕಿಂತ ನನ್ನ ಕೈ ಕಡಿದು ಹೊಳೆಗೆ ಎಸೀತೀನಿ."

ಯಾಕೆ ಅಂತೀರಾ? ಹೋದ ವರ್ಷದ ಬೇಟೆಯಲ್ಲಿ ಅವಳ ತಮ್ಮ ಬೋರಯ್ಯ ಸತ್ತಿದ್ದ. ಕೊಂದದ್ದು ಹಂದಿಯಲ್ಲ, ಚೌಡಯ್ಯನ ಗುಂಡು.

ಬೇಟೆ ನಡೆಯುವುದು ಹೀಗೆ. ಕೋವಿ ಇದ್ದವರು ಗುಡ್ಡದ ಬುಡದಲ್ಲಿ, ಹಳ್ಳದ ಉದ್ದಕ್ಕೂ, ತಮ್ಮ ತಮ್ಮ ಠಾವಿನಲ್ಲಿ ಕೂರುತ್ತಾರೆ. ಉಳಿದವರು ಬರಿಗೈಯಲ್ಲಿ ಗುಡ್ಡದ ಮೇಲಿಂದ ಸಾಲಾಗಿ ಕೂಗು ಹಾಕುತ್ತ ಹಂದಿಗಳನ್ನು ಕೆಳಕ್ಕೆ ಎಬ್ಬಿಸಿಕೊಂಡು ಬರುತ್ತಾರೆ. ಕೋವಿಯವನು ಠಾವು ಬಿಡಬಾರದು, ಕೂಗುವವನು ಸಾಲು ಬಿಡಬಾರದು. ಬೇಟೆಯ ಧರ್ಮ ಅಂದರೆ ಅಷ್ಟೇ.

ಬೋರ ಕೂಗುವವರ ಸಾಲಿನಲ್ಲಿದ್ದ. ಸೋನೆ ಹಿಡಿದಿತ್ತು ಅಂತ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದ. "ಠಾವಿನಲ್ಲಿ ಕೂತಿದ್ದೆ, ಎದುರಿನ ಮೆಳೆಯಲ್ಲಿ ಕರ್ರಗೆ ಅಲುಗಾಡಿತು, ಹಂದಿ ಅಂದುಕೊಂಡೆ," ಅಂದ ಚೌಡಯ್ಯ. ಹಾಗಾದರೆ ಬೋರನೇ ಸಾಲು ಬಿಟ್ಟು ಮುಂದಕ್ಕೆ ಓಡಿ ಬಂದಿರಬೇಕು ಅಂತ ಊರು ತೀರ್ಮಾನ ಮಾಡಿತು. ಸಾಲಿನಲ್ಲಿದ್ದವರೂ ಅಲ್ಲ ಅನ್ನಲಿಲ್ಲ. ಹಣೆಬರಹ ಅಂದರು. ಬಿದ್ದ ಜಾಗದಲ್ಲಿ ಕಲ್ಲು ಪೇರಿಸಿದರು, ತಿರುಗಿ ನೋಡದೆ ಗುಡ್ಡ ಇಳಿದರು. ಅಲ್ಲಿಂದ ಮುಂದೆ ಯಾರೂ ಆ ಕಡೆ ಕಾಲಿಡಲಿಲ್ಲ. ಬೇಟೆಯಲ್ಲಿ ಸತ್ತವನ ಹೆಸರನ್ನು ಬೇಟೆಗಾರರು ಮತ್ತೆ ಎತ್ತುವುದೂ ಇಲ್ಲ, ಎತ್ತಿದರೆ ಬೇಟೆ ಕೈಕೊಡುತ್ತದಂತೆ!

ಸಾಲಿನಲ್ಲಿದ್ದು ಸತ್ತವನ ಮನೆಗೆ ಪ್ರತಿ ಬೇಟೆಯಲ್ಲೂ ಪಾಲು ಹೋಗುತ್ತದೆ. ಸಾಲು ಬಿಟ್ಟು ಸತ್ತವನಿಗೆ ಪಾಲೂ ಇಲ್ಲ, ಮರ್ಯಾದೆಯೂ ಇಲ್ಲ. ಪಾಲಿನ ಮನೆ ಹಾಳಾಗಲಿ, ಮಾಂಸ ಯಾರಿಗೆ ಬೇಕಿತ್ತು? ಬೋರನ ತಾಯಿ ಬಾವಿಗೆ ಹೋದರೆ "ಸಾಲು ಬಿಟ್ಟವನ ಅವ್ವ" ಅಂತ ಬೆನ್ನ ಹಿಂದೆ ಅನ್ನುತ್ತಿದ್ದರು. ಮುದುಕಿ ತಲೆ ತಗ್ಗಿಸಿ ಬಿಂದಿಗೆ ಎತ್ತಿಕೊಂಡು ಬರುತ್ತಿದ್ದಳು. ಸೂರಮ್ಮನ ಕರುಳು ಸುಡುತ್ತಿದ್ದದ್ದು ಅದಕ್ಕೆ. ತನ್ನ ತಮ್ಮ ಸಾಲು ಬಿಡುವವನಲ್ಲ ಅಂತ ಅವಳಿಗೆ ಗೊತ್ತು. ಆದರೆ ಗೊತ್ತು ಅಂದರೆ ಯಾರು ಕೇಳುತ್ತಾರೆ?

ಅಜ್ಜಯ್ಯ ಪೊರಕೆ ಎತ್ತಿ ಗೋಡೆಗೆ ಒರಗಿಸಿದರು.

"ಸರಿ. ಅವನಿಗೆ ಎಲ್ಲವನ್ನೂ ಕಲಿಸೋದು ಬೇಡ. ಯಾವುದನ್ನ ಬಿಡ್ತೀಯ ಅಂತ ಯೋಚನೆ ಮಾಡಿ ಹೇಳು. ಅದನ್ನ ಬಿಟ್ಟು ಮಿಕ್ಕಿದ್ದು ಕಲಿಸು."

ಸೂರಮ್ಮ ಹೊಳೆಗೆ ಹೋಗಿ ಪಾತ್ರೆ ತಿಕ್ಕುತ್ತ ಯೋಚಿಸಿದಳು. ಪಾತ್ರೆಯ ತಳ ಸವೆಯುವ ಹಾಗೆ ತಿಕ್ಕಿದಳು.

"ನಡೆಯುವಾಗ ಬೆರಳು ಗುಂಡು ಹಾರಿಸೋ ಕುದುರೆಯ ಮೇಲೆ ಇರಬಾರದು ಅನ್ನೋದನ್ನ ಬಿಡ್ತೀನಿ," ಅಂತ ಬಂದು ಹೇಳಿದಳು.

"ಬಿಡು."

ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. "ಅದು ಬೇಡ. ಅವನು ಎಡವಿದರೆ ಪಕ್ಕದವನು ಸಾಯ್ತಾನೆ."

"ಹಾಗಾದರೆ ಬೇರೆ ಯಾವುದಾದರೂ ಹೇಳು."

"ಖಾಲಿ ಇದ್ದರೂ ಕೋವಿ ತುಂಬಿದೆ ಅಂತಲೇ ತಿಳೀಬೇಕು ಅನ್ನೋದು."

"ಬಿಡ್ತೀಯ?"

ಸೂರಮ್ಮ ತುಟಿ ಕಚ್ಚಿಕೊಂಡಳು. "ಅವನ ಮನೆಯಲ್ಲಿ ಮಕ್ಕಳಿವೆ."

"ಮಕ್ಕಳಿವೆ."

"ಪೂರ್ತಿ ಕಾಣದೆ ಹೊಡೀಬಾರದು ಅನ್ನೋದು..." ಅದನ್ನು ಬಿಟ್ಟೇ ಅಲ್ಲವೇ ಅವನು ಬೋರನನ್ನು ತಿಂದದ್ದು! "ಥೂ! ಒಂದನ್ನೂ ಬಿಡೋಕಾಗಲ್ಲ ಅಜ್ಜಯ್ಯ."

"ಹೂಂ."

"ಆದರೆ ನಾನು ಅವನನ್ನ ಕ್ಷಮಿಸಲ್ಲ. ಈಗಲೇ ಹೇಳಿಬಿಟ್ಟಿದ್ದೀನಿ."

"ಕ್ಷಮಿಸು ಅಂತ ಯಾರು ಅಂದರು? ಕಲಿಸು ಅಂದೆ."

ಮಾರನೆಯ ದಿನದಿಂದ ತಯಾರಿ ಶುರುವಾಯಿತು.

ಪ್ರತಿ ವರ್ಷ ಕಲಿಕೆ ನಡೆಯುತ್ತಿದ್ದದ್ದು ಹೊಳೆಯ ದಡದ ಮರಳಿನಲ್ಲಿ. ಮಣ್ಣಿನ ಹಂದಿಯೊಂದನ್ನು ಮಾಡಿ ನಿಲ್ಲಿಸುತ್ತಿದ್ದರು. ಸೂರಮ್ಮನೂ ಮಣ್ಣು ಕಲಸಿದಳು. ಹೊಟ್ಟೆ ಮಾಡಿದಳು, ಕಿವಿ ಮಾಡಿದಳು, ಕೋರೆಗೆ ಎರಡು ಬಿಳಿ ಕಡ್ಡಿ ಸಿಕ್ಕಿಸಿದಳು. ದೂರ ನಿಂತು ನೋಡಿದಳು. ಆಮೇಲೆ ಹತ್ತಿರ ಬಂದು ಜಾಡಿಸಿ ಒದ್ದಳು.

"ಯಾಕೆ ಒದ್ದೆ? ಚೆನ್ನಾಗಿತ್ತಲ್ಲ," ಅಂದರು ಅಜ್ಜಯ್ಯ.

"ಇಂಥ ಹಂದಿ ಎಲ್ಲಿದೆ ಅಜ್ಜಯ್ಯ? ಹಸೆಗೆ ಬಂದ ಮದುವಣಿಗನ ಹಾಗೆ ನೆಟ್ಟಗೆ ನಿಂತು, ಹೊಡೀರಪ್ಪ ಅಂತ ಕಾಯೋ ಹಂದಿ? ಇದನ್ನ ನೋಡಿ ಏನು ಕಲೀತಾರೆ, ಮಣ್ಣು? ಈ ಮರಳಿನಲ್ಲಿ ಯಾರೂ ಯಾವತ್ತೂ ಸತ್ತಿಲ್ಲ."

"ಎಲ್ಲಿ ಸತ್ತಿದ್ದಾರೆ?"

ಸೂರಮ್ಮನ ಕಣ್ಣು ಗುಡ್ಡದ ಕಡೆ ಹೋಯಿತು.

ಅಜ್ಜಯ್ಯ ಒಳಗೆ ಹೋಗಿ ಕೋಲು ತಂದರು. ಕಂಬಳಿ ಹೆಗಲಿಗೆ ಹಾಕಿಕೊಂಡರು. ಗುಡ್ಡದ ದಾರಿ ಹಿಡಿದರು.

"ಅಜ್ಜಯ್ಯ! ಅಲ್ಲಿಗೆ ಹೋಗಬಾರದು ಅಂತ ಊರು ಹೇಳಿದೆ."

"ಊರು ಅಲ್ಲಿ ಇರಲ್ಲವಲ್ಲ. ನಡಿ."

ಗುಡ್ಡದ ಬುಡದಲ್ಲಿ ಒಂದು ವರ್ಷದ ಹುಲ್ಲು ಎದೆಯೆತ್ತರ ಬೆಳೆದಿತ್ತು. ಸೂರಮ್ಮ ಕುಡುಗೋಲು ಹಿಡಿದು ಸವರುತ್ತ ಹೋದಳು. ಹಳ್ಳದ ಉದ್ದಕ್ಕೂ ಒಂದೊಂದೇ ಠಾವು ಹೊರಗೆ ಬಂತು. ಯಾರು ಎಲ್ಲಿ ಕೂರುತ್ತಿದ್ದರು ಅಂತ ಊರಿಗೆಲ್ಲ ಗೊತ್ತು, ಅಪ್ಪನಿಂದ ಮಗನಿಗೆ ಬರುವ ಜಾಗಗಳು ಅವು. ಒಂದೊಂದಕ್ಕೂ ಒಂದು ಗೂಟ ಹೊಡೆದಳು.

ಆಮೇಲೆ ಮೇಲೆ ಹತ್ತಿದಳು. ಕಾರೆಮೆಳೆಯ ಪಕ್ಕದಲ್ಲಿ ಪೇರಿಸಿದ ಕಲ್ಲು ಹಾಗೇ ಇತ್ತು. ಅದರ ಮುಂದೆ ಸ್ವಲ್ಪ ಹೊತ್ತು ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

"ಮಣ್ಣಿನ ಹಂದಿ ಬೇಡ," ಅಂದಳು. "ಇಲ್ಲಿ ಕಂಬಳಿ ಕೊಪ್ಪೆ ನಿಲ್ಲಿಸ್ತೀನಿ. ಕೋವಿಯವರು ಕೆಳಗಿಂದ ನೋಡಲಿ, ಮನುಷ್ಯ ಯಾವುದು ಹಂದಿ ಯಾವುದು ಅಂತ ಅವರ ಕಣ್ಣೇ ಕಲೀಲಿ."

ಬೋರನ ಕಂಬಳಿ ಬೋರನ ಜೊತೆಗೇ ಮಣ್ಣಿಗೆ ಹೋಗಿತ್ತು. ಅಜ್ಜಯ್ಯ ತಮ್ಮ ಹೆಗಲಿನದನ್ನು ತೆಗೆದು ಕೊಟ್ಟರು.

"ನಿಮಗೆ ಚಳಿಯಾಗಲ್ಲವಾ?"

"ಅವತ್ತು ಅವನಿಗೂ ಆಗಿತ್ತು."

ಕೊಪ್ಪೆ ಹೇಗೆ ಕಾಣುತ್ತದೆ ಅಂತ ಮೊದಲು ತಾನೇ ಪರೀಕ್ಷೆ ಮಾಡಬೇಕು ಅನ್ನಿಸಿತು ಸೂರಮ್ಮನಿಗೆ. ಕಂಬಳಿ ಹೊದ್ದು ಕಲ್ಲಿನ ಪಕ್ಕ ಕೂತಳು. ಅಜ್ಜಯ್ಯನನ್ನು ಬರಿಗೈಯಲ್ಲಿ ಕೆಳಗೆ ಚೌಡಯ್ಯನ ಠಾವಿಗೆ ಕಳಿಸಿದಳು.

"ಕಾಣ್ತೀನಾ ಅಜ್ಜಯ್ಯಾ?" ಅಂತ ಕೂಗಿದಳು.

"ಇಲ್ಲ!"

ಅವಳು ಅಲುಗಾಡಿದಳು. "ಈಗ?"

"ಇಲ್ಲ!"

ಎದ್ದು ನಿಂತು ಎರಡೂ ಕೈ ಬೀಸಿದಳು. "ಈಗಲಾದರೂ?"

"ನೀನು ಎಲ್ಲಿದ್ದೀಯ ಅಂತಲೇ ಗೊತ್ತಾಗ್ತಿಲ್ಲ ಕಣವ್ವ!"

ಸೂರಮ್ಮ ಕಂಬಳಿ ಕಿತ್ತೊಗೆದು ಕೆಳಗೆ ಓಡಿದಳು. ಅಜ್ಜಯ್ಯನನ್ನು ಆಚೆ ಸರಿಸಿ ತಾನೇ ಠಾವಿನಲ್ಲಿ ಕೂತಳು. ಕಣ್ಣ ಮುಂದೆ ಒಂದು ಬಂಡೆ. ಆನೆ ಮಲಗಿದಂಥ ಬಂಡೆ. ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು, ಎದ್ದು ನಿಂತಳು. ಬಂಡೆ, ಅದರ ಮೇಲೆ ಆಕಾಶ. ಮೆಳೆಯ ಒಂದು ಎಲೆಯೂ ಕಾಣಲಿಲ್ಲ.

ಹೋಗಿ ಬಂಡೆಗೆ ಅಂಗೈಯಿಂದ ಬಡಿದಳು.

"ಸುಳ್ಳ!" ಅಂದಳು. "ಅಯ್ಯೋ ಸುಳ್ಳ! ಅವನು ಇಲ್ಲಿ ಕೂತೇ ಇರಲಿಲ್ಲ ಅಜ್ಜಯ್ಯ. ಠಾವು ಬಿಟ್ಟು ಮೇಲೆ ಹತ್ತಿದವನು ಅವನು. ನನ್ನ ತಮ್ಮ ಸಾಲಿನಲ್ಲೇ ಇದ್ದ!"

ಅಜ್ಜಯ್ಯ ಬಂಡೆಯನ್ನೇ ನೋಡುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ."

"ಬಂದು ನೋಡಬಹುದಿತ್ತಲ್ಲ?"

"ನೋಡಬಹುದಿತ್ತು," ಅಂದರು ಅಜ್ಜಯ್ಯ.

ಸೂರಮ್ಮ ಹಟ್ಟಿಯ ಕಡೆ ಓಡಲು ಹೊರಟಳು. ಅಜ್ಜಯ್ಯ ಕೋಲು ಅಡ್ಡ ಹಿಡಿದರು.

"ಹೋಗಿ ಏನು ಮಾಡ್ತೀಯ?"

"ಕೂಗಿ ಹೇಳ್ತೀನಿ. ಬೀದಿ ಬೀದಿಯಲ್ಲಿ ನಿಂತು ಹೇಳ್ತೀನಿ."

"ನೀನು ಹೇಳಿದರೆ ಅದು ಅಕ್ಕನ ಸಂಕಟ. ಪಾಪ, ಒಂದಷ್ಟು ಅತ್ತು ಸುಮ್ಮನಾಗ್ತಾಳೆ ಅಂತಾರೆ."

"ಹಾಗಾದರೆ ಯಾರ ಬಾಯಿಂದ ಬರಬೇಕು?"

"ಬಾಯಿ ಯಾಕೆ? ಅವನಿಗೆ ಕಾಲಿಲ್ಲವಾ?"

ಸೂರಮ್ಮ ನಿಂತಳು. ಎಷ್ಟೋ ಹೊತ್ತು ಬಂಡೆಯನ್ನೂ ಗೂಟವನ್ನೂ ನೋಡಿದಳು. ಆಮೇಲೆ ಕುಡುಗೋಲು ಎತ್ತಿಕೊಂಡು, ಬಿಟ್ಟ ಹುಲ್ಲನ್ನು ಸವರತೊಡಗಿದಳು.

ಗುಡ್ಡ ಸವರಿದ ಸುದ್ದಿ ಹಟ್ಟಿಗೆ ಮುಟ್ಟಲು ಎಷ್ಟು ಹೊತ್ತು? ಯಜಮಾನ ಕದರಯ್ಯ ಏದುಸಿರು ಬಿಡುತ್ತ ಗುಡಿಸಲಿಗೆ ಬಂದ. ಊರಿಗೆ ಯಜಮಾನ, ಚೌಡಯ್ಯನಿಗೆ ಸೋದರಮಾವ.

"ಏನೇ ಸೂರಿ, ಕಲಿಕೆಯನ್ನ ಗುಡ್ಡದಲ್ಲಿ ಇಟ್ಟಿದ್ದೀಯಂತೆ?"

"ಬೇಟೆ ಎಲ್ಲಿ ನಡೆಯುತ್ತೋ ಅಲ್ಲಿ ಇಟ್ಟಿದ್ದೀನಿ."

"ಅದು ಕೆಟ್ಟ ಜಾಗ. ಮುಗಿದು ಹೋದದ್ದನ್ನ ಕೆದಕಬೇಡ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ, ಕೇಳಿಲ್ವಾ?"

"ಕೇಳಿದ್ದೀನಿ. ಬಂಗಾರ ಎಲ್ಲ ನಿಮ್ಮ ಮನೆಯಲ್ಲೇ ಇರಲಿ. ನಮ್ಮವ್ವನಿಗೆ ಮಾತು ಬೇಕು."

ಕದರಯ್ಯನ ಮುಖ ಕೆಂಪಾಯಿತು. "ಯಾರೂ ಬರದ ಹಾಗೆ ಮಾಡ್ತೀನಿ ನೋಡು."

"ಮಾಡಿ. ಕಲಿಯದವನಿಗೆ ಬೇಟೆಯಿಲ್ಲ, ಕಟ್ಟುಪಾಡು ನಿಮ್ಮದೇ. ಈ ವರ್ಷದ ಜೋಳ ಹಂದಿಗಳಿಗೆ ಆಗುತ್ತೆ. ಅವುಗಳಿಗೂ ಯಜಮಾನರು ಒಳ್ಳೆಯವರು ಅನ್ನಿಸಲಿ."

ಕದರಯ್ಯ ಅಜ್ಜಯ್ಯನ ಕಡೆ ತಿರುಗಿದ. "ನಿಮ್ಮ ಶಿಷ್ಯೆಗೆ ಸ್ವಲ್ಪ ಬುದ್ಧಿ ಹೇಳಿ!"

"ಹೇಳಿದ್ದೆ," ಅಂದರು ಅಜ್ಜಯ್ಯ. "ಅದಕ್ಕೇ ಹೀಗಾಗಿದ್ದಾಳೆ."

ಕೋವಿ ಮುಟ್ಟುವ ದಿನ ಬಂತು. ಜನವೂ ಬಂತು, ಕೋವಿಯವರು ಕೂಗುವವರು ಎಲ್ಲ. ಹೊಟ್ಟೆಗೆ ಜೋಳ ಬೇಕಲ್ಲ! ಯಜಮಾನನೂ ಬಂದ, ಚೌಡಯ್ಯನೂ ಬಂದ. ಚೌಡಯ್ಯ ಒಂದು ವರ್ಷದಲ್ಲಿ ಸೊರಗಿದ್ದ. ಯಾರ ಮುಖವನ್ನೂ ನೋಡದೆ ಕೊನೆಯಲ್ಲಿ ನಿಂತ.

ಸೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮದ್ದಿನ ಚೀಲಗಳೆಲ್ಲ ಅಜ್ಜಯ್ಯನ ಹತ್ತಿರ. ಒಂದು ಚಿಟಿಕೆ ಮದ್ದು ಯಾರ ಮೈಮೇಲೂ ಇರಬಾರದು. ಕೋವಿಗಳು ಚಾಪೆಯ ಮೇಲೆ, ಬಾಯಿ ಹಳ್ಳದ ಕಡೆ."

"ನನ್ನದು ಖಾಲಿ ಇದೆಯಮ್ಮ," ಅಂದ ಒಬ್ಬ ಮೀಸೆಯವನು, ಕೋವಿಯನ್ನು ಕೋಲಿನ ಹಾಗೆ ಬೀಸಿಕೊಂಡು.

"ನಿನ್ನ ತಲೆಯಷ್ಟೇ ಖಾಲಿಯಾ? ಕೆಳಗಿಡು!"

ನಕ್ಕರು. ಮೀಸೆಯವನು ಕೋವಿ ಇಟ್ಟ.

ಅವಳು ಮೊದಲಿಂದ ಕಲಿಸಿದಳು. ಒಬ್ಬೊಬ್ಬರ ಕೈ ಹಿಡಿದು ಬೆರಳು ಎಲ್ಲಿರಬೇಕು ಅಂತ ತೋರಿಸಿದಳು. ಬೇಲಿ ದಾಟುವಾಗ ಮೊದಲು ಕೋವಿಯನ್ನು ಕೆಳಗಿಟ್ಟು ದಾಟಿಸಿದಳು. ಗುಂಡು ಹಂದಿಗೆ ತಾಗದಿದ್ದರೆ ಅದರ ಹಿಂದೆ ಏನಿದೆ ಅಂತ ಪ್ರತಿಯೊಬ್ಬನಿಂದಲೂ ಹೇಳಿಸಿದಳು. ಒಬ್ಬ ಮುದುಕ "ನಮ್ಮಪ್ಪನ ಕಾಲದಿಂದ ಹಿಡಿದಿದ್ದೀನಿ" ಅಂತ ಗೊಣಗಿದ. "ಹಾಗಾದರೆ ಬೇಗ ಬರುತ್ತೆ, ಹಿಡಿ" ಅಂದಳು.

ಆಮೇಲೆ ಒಂದೊಂದು ಕೋಲು ಕೊಟ್ಟಳು.

"ಹೋದ ವರ್ಷದ ನಿಮ್ಮ ನಿಮ್ಮ ಠಾವಿನಲ್ಲಿ ಕೂರಿ. ಕೋವಿ ಬೇಡ, ಕೋಲು ಸಾಕು. ಮೇಲೆ ಕಲ್ಲಿನ ಪಕ್ಕದಲ್ಲಿ ಒಂದು ಕಂಬಳಿ ಕೊಪ್ಪೆ ಇದೆ. ಕಂಡರೆ ಕಂಡಿತು ಅನ್ನಿ, ಕಾಣದಿದ್ದರೆ ಇಲ್ಲ ಅನ್ನಿ. ಉಳಿದವರು ಹಿಂದೆ ನಿಂತು ನೋಡಿ."

ಒಬ್ಬ ಕೂತ. "ಅರ್ಧ ಕಾಣುತ್ತೆ."

"ಅರ್ಧ ಕಂಡದ್ದನ್ನ ಹೊಡೀತೀಯ?"

"ಇಲ್ಲಮ್ಮ."

ಇನ್ನೊಬ್ಬ ಕೂತ. "ಕರ್ರಗಿದೆ. ಏನು ಅಂತ ಗೊತ್ತಾಗಲ್ಲ."

"ಗೊತ್ತಾಗೋವರೆಗೆ ಕೈ ಕಟ್ಟಿಕೊಂಡು ಕೂತಿರು."

ಕೊನೆಗೆ ಚೌಡಯ್ಯನ ಸರದಿ.

ಅವನು ಕೂತ. ಸೂರಮ್ಮ ಅವನ ಪಕ್ಕದಲ್ಲೇ ನಿಂತಳು.

"ಕೋಲು ಎತ್ತು ಚೌಡಯ್ಯ. ಕಂಬಳಿಗೆ ಗುರಿ ಹಿಡಿ."

ಚೌಡಯ್ಯ ಕೋಲು ಎತ್ತಿದ. ಕೋಲಿನ ತುದಿ ಬಂಡೆಯನ್ನು ತೋರಿಸಿತು. ಇಳಿಸಿದ. ಮತ್ತೆ ಎತ್ತಿದ. ಮತ್ತೆ ಬಂಡೆ.

ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಬಗ್ಗಿ, ಅವನ ಹೆಗಲ ಮೇಲಿಂದ ಕೋಲಿನ ನೇರಕ್ಕೆ ನೋಡಿದರು.

"ಸಾಕು ನಿಲ್ಲಿಸೇ!" ಅಂತ ಗುಡುಗಿದ ಕದರಯ್ಯ. "ಸತ್ತವನ ಹೆಸರು ಎತ್ತಬಾರದು ಅಂತ ಕಟ್ಟುಪಾಡು ಇದೆ!"

ಸೂರಮ್ಮ ಅವನ ಕಡೆ ತಿರುಗಿದಳು.

"ನಾನು ಯಾರ ಹೆಸರೂ ಎತ್ತಿಲ್ಲ ಯಜಮಾನರೆ. ಕಂಬಳಿ ಕಾಣುತ್ತಾ ಅಂತ ಕೇಳಿದೆ. ನಿಮಗೆ ಯಾರ ನೆನಪಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಕಾಣಲ್ಲ," ಅಂದ ಚೌಡಯ್ಯ.

"ಹಾಗಾದರೆ ಕಾಣುವ ಜಾಗಕ್ಕೆ ಹೋಗು," ಅಂದಳು ಸೂರಮ್ಮ.

ಚೌಡಯ್ಯ ಕೂತೇ ಇದ್ದ. ಸೂರಮ್ಮ ಬೈಯಲಿಲ್ಲ, ಅಳಲಿಲ್ಲ. ಜರುಗಲೂ ಇಲ್ಲ. ಸಾಯಂಕಾಲದವರೆಗೆ ಬೇಕಾದರೂ ಹೀಗೇ ನಿಂತಿರುತ್ತೇನೆ ಅನ್ನುವ ಹಾಗೆ ನಿಂತಿದ್ದಳು.

ಚೌಡಯ್ಯ ಎದ್ದ. ಕೋಲು ಕೆಳಗೆ ಹಾಕಿದ. ಠಾವು ಬಿಟ್ಟು, ಬಂಡೆಯ ಎಡಕ್ಕೆ ಬಳಸಿ, ಮುಳ್ಳು ಸರಿಸಿಕೊಂಡು ಮೇಲೆ ಹತ್ತಿದ. ದಾರಿ ಹುಡುಕಲಿಲ್ಲ, ಕಾಲಿಗೆ ಗೊತ್ತಿತ್ತು. ಬಂಡೆಯ ಹಿಂದಿನ ಒಂದು ಚಪ್ಪಟೆ ಕಲ್ಲಿನ ಮೇಲೆ ಹೋಗಿ ನಿಂತ. ಕಂಬಳಿ ಕೊಪ್ಪೆ ಅಲ್ಲಿಂದ ಒಂದು ಬೆಣಚುಕಲ್ಲು ಎಸೆದರೆ ಬೀಳುವಷ್ಟು ಹತ್ತಿರದಲ್ಲಿತ್ತು.

ಅಲ್ಲೇ ಕುಸಿದು ಕೂತ.

"ಇಲ್ಲಿದ್ದೆ ಸೂರಕ್ಕ," ಅಂದ. ಬಿಕ್ಕುತ್ತಿದ್ದ. "ಮೊದಲ ಗುಂಡು ಹೊಡೆದವನಿಗೆ ಹಂದಿಯ ತಲೆ. ಅದಕ್ಕೆ ಆಸೆಪಟ್ಟು ಠಾವು ಬಿಟ್ಟು ಹತ್ತಿ ಬಂದೆ. ಕರ್ರಗೆ ಅಲುಗಾಡಿತು. ನೋಡಲಿಲ್ಲ, ಹೊಡೆದುಬಿಟ್ಟೆ. ಬೋರ ಎಲ್ಲಿರಬೇಕಿತ್ತೋ ಅಲ್ಲೇ ಇದ್ದ. ನಾನು ಇಲ್ಲಿರಬಾರದಿತ್ತು."

ಬೋರನ ಹೆಸರು ಬಂದೇ ಬಂತು. ಗುಡ್ಡ ಏನೂ ಬಿರಿಯಲಿಲ್ಲ.

ಮೀಸೆಯವನು ತಲೆ ತಗ್ಗಿಸಿಕೊಂಡು ಅಂದ, "ನನ್ನ ಠಾವು ಪಕ್ಕದ್ದು. ಅವತ್ತು ಇವನು ಮೇಲೆ ಹತ್ತುವ ಸಪ್ಪಳ ನನಗೆ ಕೇಳಿಸಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಆ ಗೊಣಗಿದ ಮುದುಕನೂ ಬಾಯಿ ಬಿಟ್ಟ. "ನಾನೂ ಒಂದು ಸಲ ಠಾವು ಬಿಟ್ಟಿದ್ದೆ. ಗುಂಡು ನಮ್ಮಣ್ಣನ ಕಿವಿ ಪಕ್ಕದಲ್ಲೇ ಹೋಯಿತು. ಅವನು ಸಾಯೋವರೆಗೂ ಅವನಿಗೆ ಹೇಳಿರಲಿಲ್ಲ."

ಸೂರಮ್ಮ ಚಾಪೆಯ ಹತ್ತಿರ ಹೋಗಿ ಚೌಡಯ್ಯನ ಕೋವಿ ಎತ್ತಿಕೊಂಡಳು. ಅವಳು ಅದನ್ನು ಹಿಡಿದು ಮೇಲೆ ಹತ್ತುವಾಗ ಜನ ದಾರಿ ಬಿಟ್ಟು ಸರಿದರು. ಮದ್ದಿಲ್ಲ ಅಂತ ಗೊತ್ತಿದ್ದರೂ ಹೆದರಿದರು. ಅವಳಿಗೂ ಆ ಕ್ಷಣದಲ್ಲಿ ಕೋವಿಯ ಹಿಂಬದಿಯಿಂದ ಅವನ ತಲೆ ಒಡೆದುಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಹಿಡಿ," ಅಂದಳು.

"ಬೇಡ ಸೂರಕ್ಕ. ನನ್ನ ಕೈ ಕೆಟ್ಟದ್ದು."

"ಕೈಗೆ ಏನೂ ಆಗಿಲ್ಲ. ಹಿಡಿ ಅಂದೆ. ಇದು ಕಲಿಸೋ ದಿನ, ನಿನಗೂ ಕಲಿಸ್ತೀನಿ."

ಅವನ ಬೆರಳನ್ನು ತನ್ನ ಕೈಯಿಂದ ಹಿಡಿದು ಕುದುರೆಯಿಂದ ಆಚೆಗೆ ಇಟ್ಟಳು. ಬಾಯಿ ಎತ್ತ ಇರಬೇಕು, ಹೆಜ್ಜೆ ಹೇಗಿರಬೇಕು, ಕಂಡದ್ದನ್ನು ತಲೆಯಿಂದ ಬಾಲದವರೆಗೆ ಹೇಗೆ ನೋಡಬೇಕು, ಎಲ್ಲ ಕಲಿಸಿದಳು. ಒಂದನ್ನೂ ಬಿಡಲಿಲ್ಲ. ಅವನು ಅಳುತ್ತಲೇ ಕಲಿತ.

ಕಲಿಸಿ ಮುಗಿದ ಮೇಲೆ ಕೋವಿ ವಾಪಸು ಕಿತ್ತುಕೊಂಡಳು.

"ಈ ವರ್ಷ ಇದು ಅಜ್ಜಯ್ಯನ ಗುಡಿಸಲಿನಲ್ಲಿರುತ್ತೆ. ನೀನು ಕೂಗುವವರ ಸಾಲಿನಲ್ಲಿ ಬರ್ತೀಯ, ಬರಿಗೈಯಲ್ಲಿ. ನನ್ನ ತಮ್ಮ ಬಂದ ಜಾಗದಲ್ಲಿ ಬರ್ತೀಯ, ಇಷ್ಟೂ ಕೋವಿಗಳ ಎದುರಿಗೆ. ಹೇಗಿರುತ್ತೆ ಅಂತ ಗೊತ್ತಾಗಲಿ."

"ಬರ್ತೀನಿ," ಅಂದ ಚೌಡಯ್ಯ.

ಅವಳು ಕೂಗುವವರ ಕಡೆ ತಿರುಗಿದಳು. ಈಗ ಕಣ್ಣಲ್ಲಿ ನೀರು ಬಂದೇ ಬಂತು, ಒರೆಸಿಕೊಳ್ಳಲಿಲ್ಲ.

"ನಮ್ಮವ್ವ ಈ ಹೊತ್ತಿಗೆ ಬಾವಿಯ ಹತ್ತಿರ ಇರ್ತಾಳೆ. ನೀವು ಅವನ ಜೊತೆ ಸಾಲಿನಲ್ಲಿದ್ದವರು. ಹಂದಿ ಎಬ್ಬಿಸುವಾಗ ಇರೋ ಗಂಟಲು ಈಗ ಎಲ್ಲಿ ಹೋಯ್ತು? ಹೇಳಿ, ಬೋರ ಎಲ್ಲಿದ್ದ?"

ಒಬ್ಬ ಮೆಲ್ಲಗೆ ಅಂದ. ಇನ್ನೊಬ್ಬ ಜೋರಾಗಿ ಅಂದ. ಆಮೇಲೆ ಸಾಲಿಗೆ ಸಾಲೇ ಬಾಯಿಗೆ ಕೈ ಅಡ್ಡ ಇಟ್ಟು ಹಟ್ಟಿಯ ಕಡೆಗೆ ಕೂಗು ಹಾಕಿತು.

"ಬೋರ ಸಾಲಿನಲ್ಲಿದ್ದಾ!"

ಗುಡ್ಡ ಆ ಕೂಗನ್ನು ತಿರುಗಿಸಿ ಕಳಿಸಿತು. ಅವರು ಮತ್ತೆ ಕೂಗಿದರು. ಕೆಳಗೆ ಹಟ್ಟಿಯಲ್ಲಿ ನಾಯಿಗಳು ಬೊಗಳಿದವು, ಜನ ಮನೆಯಿಂದ ಹೊರಗೆ ಬಂದು ಗುಡ್ಡದ ಕಡೆ ನೋಡಿದರು.

ಯಜಮಾನ ಕದರಯ್ಯ ಮಾತ್ರ ಕೂಗಲಿಲ್ಲ. ಊರಿನ ತೀರ್ಮಾನ ಮುರಿದಿತ್ತು, ಮನೆಯ ಮಾನ ಹೋಗಿತ್ತು. ಅವನು ಅಜ್ಜಯ್ಯನ ಮುಂದೆ ಬಂದು ನಿಂತ.

"ಆಯ್ತಾ ನಿಮ್ಮಿಬ್ಬರಿಗೂ ಸಮಾಧಾನ? ಒಬ್ಬನನ್ನ ಎಲ್ಲರ ಮುಂದೆ ಅಳಿಸಿದಿರಿ. ಮುಚ್ಚಿಟ್ಟದ್ದನ್ನೆಲ್ಲ ಬೀದಿಗೆ ತಂದಿರಿ. ಇಷ್ಟೆಲ್ಲ ಮಾಡಿದಿರಲ್ಲ, ಸತ್ತ ಬೋರ ಎದ್ದು ಬಂದನಾ?"

ಅಜ್ಜಯ್ಯ ಚಾಪೆಯ ಸುತ್ತ ನಿಂತಿದ್ದ ಗಂಡಸರನ್ನು ಒಬ್ಬೊಬ್ಬರಾಗಿ ನೋಡಿದರು.

"ಅವನು ಬರಲ್ಲ ಯಜಮಾನರೆ," ಅಂದರು. "ಇವರು ಬೇಟೆ ಮುಗಿಸಿ ಮನೆಗೆ ಹೋಗ್ತಾರೆ."